ಹಳೆ ಕಾರಿಗೆ ಟರ್ಬೊ ಎಂಜಿನ್: ಕೂರಿಸೋದು ಒಂದು ಕೆಲಸ, ಹೊಂದಿಸೋದು ಹತ್ತು ಕೆಲಸ

ಹತ್ತು ಹದಿನೈದು ವರ್ಷದ ಹಿಂದೆ ಪೆಟ್ರೋಲ್ ಕಾರಿನಲ್ಲಿ ಟರ್ಬೊ ಇದೆ ಅಂದರೆ ಅದು ದುಬಾರಿ ಕಾರೇ ಇರಬೇಕು ಅಂತ ಲೆಕ್ಕ. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್ ಒಂದು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಜತೆ ಬಂತು. 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ಹ್ಯುಂಡೈ ವೆನ್ಯೂ ಬಂದವು. ಈಗ ಪಕ್ಕದ ಮನೆಯವರ ಸಣ್ಣ ಕಾರಿನಲ್ಲೂ ಟರ್ಬೊ ಇರುತ್ತದೆ. ಅದನ್ನು ಒಂದು ರೌಂಡ್ ಓಡಿಸಿ, ಆಮೇಲೆ ನಮ್ಮ ಹಳೆ ಕಾರಿಗೆ ಹತ್ತಿ ಘಾಟಿ ಏರಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಆಗಲೇ ಮನಸ್ಸಿಗೆ ಬರುವ ಪ್ರಶ್ನೆ: ಕಾರು ಇದೇ ಇರಲಿ, ಎಂಜಿನ್ ಮಾತ್ರ ಟರ್ಬೊದ್ದು ಹಾಕಿಸಿದರೆ ಹೇಗೆ?

ಮೊಬೈಲ್‌ನಲ್ಲಿ ಬರುವ ವಿಡಿಯೊಗಳನ್ನು ನೋಡಿದರೆ ಇದು ಭಾನುವಾರದ ಕೆಲಸ ಅನ್ನಿಸುತ್ತದೆ. ಹಳೆ ಎಂಜಿನ್ ಮೇಲೆತ್ತುತ್ತಾರೆ, ಹೊಸದನ್ನು ಇಳಿಸುತ್ತಾರೆ, ಕೀ ತಿರುಗಿಸಿದರೆ ಸ್ಟಾರ್ಟ್. ನಿಜವಾಗಿ ಆ ಎತ್ತಿ ಇಳಿಸುವ ಭಾಗವೇ ಇಡೀ ಕೆಲಸದಲ್ಲಿ ಸುಲಭದ್ದು. ಕಷ್ಟ ಇರೋದು ಎಂಜಿನ್ ಸುತ್ತ ಇರುವುದರಲ್ಲಿ: ಗೇರ್‌ಬಾಕ್ಸ್, ಪೆಟ್ರೋಲ್ ಪಂಪ್, ವೈರಿಂಗ್, ಬ್ರೇಕ್, ಕೊನೆಗೆ ಆರ್‌ಸಿ ಪುಸ್ತಕ. ಅದು ಯಾಕೆ ಹಾಗೆ ಅನ್ನೋದನ್ನು ಮೊದಲಿನಿಂದ ನೋಡೋಣ.

ಟರ್ಬೊ ಮಾಡೋದೇನು?

ಎಂಜಿನ್ ಒಳಗೆ ಪೆಟ್ರೋಲ್ ಉರಿಯಬೇಕಾದರೆ ಗಾಳಿ ಬೇಕು. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕಾಗುತ್ತದೆ. ಅಂದರೆ ಎಂಜಿನ್ ಎಷ್ಟು ಶಕ್ತಿ ಕೊಡುತ್ತದೆ ಅನ್ನೋದನ್ನು ತೀರ್ಮಾನಿಸೋದು ಪೆಟ್ರೋಲ್‌ಗಿಂತ ಜಾಸ್ತಿ ಗಾಳಿಯೇ. ಪೆಟ್ರೋಲ್ ಬೇಕಾದಷ್ಟು ಸುರಿಯಬಹುದು, ಗಾಳಿ ಸಾಲದಿದ್ದರೆ ಅದು ಕಪ್ಪು ಹೊಗೆಯಾಗಿ ಹೋಗುತ್ತದೆ.

ಸೌದೆ ಒಲೆ ಹಚ್ಚಿದವರಿಗೆ ಇದು ಗೊತ್ತು. ಕೆಂಡ ಇದೆ, ಸೌದೆ ಇದೆ, ಆದರೂ ಉರಿ ಮೇಲೇಳುವುದಿಲ್ಲ. ಊದುಗೊಳವೆ ತಗೊಂಡು ಊದಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಸೌದೆ ಅಷ್ಟೇ ಇದೆ, ಒಲೆಯೂ ಅದೇ, ಗಾಳಿ ಮಾತ್ರ ಜಾಸ್ತಿ ಆಯ್ತು. ಟರ್ಬೊ ಅಂದರೆ ಎಂಜಿನ್‌ಗೆ ಇಟ್ಟ ಊದುಗೊಳವೆ. ಒಲೆಗೆ ಊದುವಾಗ ನಮ್ಮ ಉಸಿರು ಖರ್ಚಾಗುತ್ತದೆ. ಟರ್ಬೊಗೆ ಉಸಿರು ಕೊಡೋದು ಎಂಜಿನ್ ಹೊರಗೆ ಬಿಡುವ ಹೊಗೆಯೇ.

ಸೈಲೆನ್ಸರ್ ಕಡೆಗೆ ರಭಸದಿಂದ ಹೋಗುವ ಬಿಸಿ ಹೊಗೆಯ ದಾರಿಯಲ್ಲಿ ಒಂದು ಸಣ್ಣ ಚಕ್ರ ಇಟ್ಟಿರುತ್ತಾರೆ. ಹೊಗೆ ತಾಗಿ ಅದು ತಿರುಗುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯಲ್ಲಿ ಇನ್ನೊಂದು ಚಕ್ರ ಇದೆ. ಅದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ ಒಳಗೆ ತಳ್ಳುತ್ತದೆ. ಸುಮ್ನೆ ಹೊರಗೆ ಹೋಗಿ ಹಾಳಾಗುತ್ತಿದ್ದ ಶಕ್ತಿಯಿಂದ ಕೆಲಸ ತೆಗೆಯುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬುಚಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಕಾರಿಗೆ ಅದು ಬಂದಿದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೀಲ್ ಮತ್ತು ಷೆವರ್ಲೆ ಕಾರುಗಳ ಮೂಲಕ.

ಆ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತವೆ. ಒಂದು ಕಡೆ ಹೊರಗಿನ ತಣ್ಣನೆಯ ಗಾಳಿ, ಇನ್ನೊಂದು ಕಡೆ 900 ಡಿಗ್ರಿ ಮುಟ್ಟುವ ಹೊಗೆ. ನಡುವಿನ ಕಡ್ಡಿ ಎಂಜಿನ್ ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಈ ಆಯಿಲ್ ವಿಷಯ ಮುಂದೆ ಮತ್ತೆ ಬರುತ್ತದೆ.

ನಮ್ಮ ಊರುಗಳಿಗೆ ಸಂಬಂಧಿಸಿದ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಮಡಿಕೇರಿ ಇನ್ನೂ ಮೇಲೆ, 1,100 ಮೀಟರ್ ದಾಟಿ. ಎತ್ತರ ಏರಿದಂತೆ ಗಾಳಿ ತೆಳುವಾಗುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಓಡುವ ಟರ್ಬೊ ಇಲ್ಲದ ಕಾರು ಬೆಂಗಳೂರಿಗೆ ಬಂದರೆ ಸುಮಾರು ಹತ್ತರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಈ ಕೊರತೆಯನ್ನು ಬಹುಮಟ್ಟಿಗೆ ಅದೇ ತುಂಬಿಕೊಡುತ್ತದೆ. ಘಾಟಿಯಲ್ಲಿ ಕಾಣುವ ವ್ಯತ್ಯಾಸಕ್ಕೆ ಇದೂ ಒಂದು ಕಾರಣ.

ಇರುವ ಎಂಜಿನ್‌ಗೇ ಟರ್ಬೊ ಹಾಕಿದರೆ ಆಗಲ್ವಾ?

ಹಾಕಬಹುದು, ಹಾಕಿದವರೂ ಇದ್ದಾರೆ. ಆದರೆ ಅಲ್ಲೊಂದು ಅಪಾಯ ಇದೆ, ಅದರ ಹೆಸರು ನಾಕಿಂಗ್.

ಸಿಲಿಂಡರ್ ಒಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಮೇಲೆ ಬಂದಾಗ ಗಾಳಿ ಮತ್ತು ಪೆಟ್ರೋಲ್ ಮಿಶ್ರಣ ಎಷ್ಟು ಪಟ್ಟು ಕುಗ್ಗುತ್ತದೆ ಅನ್ನೋದನ್ನು ಕಂಪ್ರೆಷನ್ ರೇಶಿಯೊ ಅನ್ನುತ್ತಾರೆ. 10:1 ಅಂದರೆ ಹತ್ತು ಪಾಲು ಜಾಗದಲ್ಲಿದ್ದದ್ದು ಒಂದು ಪಾಲಿಗೆ ಒತ್ತಿಕೊಳ್ಳುತ್ತದೆ. ಒತ್ತಿದಷ್ಟೂ ಬಿಸಿಯಾಗುತ್ತದೆ. ಟರ್ಬೊದಿಂದ ಮೊದಲೇ ಒತ್ತಿ ಬಂದ ಗಾಳಿಯನ್ನು ಪಿಸ್ಟನ್ ಮತ್ತೆ ಹತ್ತು ಪಟ್ಟು ಒತ್ತಿದರೆ, ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟು ಉರಿ ಹರಡುವಷ್ಟರಲ್ಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಕಿಣಿಕಿಣಿ ಅಂತ ಲೋಹದ ಸದ್ದು ಬರುತ್ತದೆ. ಅದೇ ನಾಕಿಂಗ್. ಸ್ವಲ್ಪ ಹೊತ್ತು ಹೀಗೇ ಓಡಿದರೆ ಪಿಸ್ಟನ್ ಒಡೆಯುತ್ತದೆ, ಇಲ್ಲವೇ ಕರಗುತ್ತದೆ.

ಟರ್ಬೊ ಜತೆಗೇ ಹುಟ್ಟಿದ ಎಂಜಿನ್‌ನಲ್ಲಿ ಕಂಪನಿಯವರು ಇದಕ್ಕೆಲ್ಲ ಮೊದಲೇ ವ್ಯವಸ್ಥೆ ಮಾಡಿರುತ್ತಾರೆ. ಪಿಸ್ಟನ್ ಗಟ್ಟಿ ಇರುತ್ತದೆ, ಅದರ ಅಡಿಗೆ ಆಯಿಲ್ ಚಿಮ್ಮಿಸಿ ತಂಪು ಮಾಡುವ ಸಣ್ಣ ನಳಿಗೆಗಳು ಇರುತ್ತವೆ. ನಾಕಿಂಗ್ ಶುರುವಾದ ತಕ್ಷಣ ಗುರುತಿಸುವ ಸೆನ್ಸರ್ ಇರುತ್ತದೆ. ಸೆನ್ಸರ್ ಸುದ್ದಿ ಕೊಟ್ಟರೆ ಕಂಪ್ಯೂಟರ್ ಕಿಡಿಯನ್ನು ತಡ ಮಾಡುತ್ತದೆ. ಇದನ್ನೆಲ್ಲ ಹಳೆ ಎಂಜಿನ್‌ಗೆ ಒಂದೊಂದಾಗಿ ಸೇರಿಸೋದಕ್ಕಿಂತ ಇಡೀ ಟರ್ಬೊ ಎಂಜಿನ್ ತಂದು ಕೂರಿಸೋದು ವಾಸಿ ಅನ್ನೋದೇ ಎಂಜಿನ್ ಬದಲಾವಣೆಯ ಹಿಂದಿನ ತರ್ಕ. ನನ್ನ ಲೆಕ್ಕದಲ್ಲೂ ಇದು ಸರಿಯಾದ ತರ್ಕವೇ.

ಒಂದು ನಿಜವಾದ ಉದಾಹರಣೆ: ಹಳೆ ಗಾಲ್ಫ್, ಹೊಸ 1.8 ಟರ್ಬೊ

ಯುರೋಪಿನಲ್ಲಿ ಈ ಕೆಲಸಕ್ಕೆ ಅತಿ ಹೆಚ್ಚು ಒದಗಿದ ಜೋಡಿಗಳಲ್ಲಿ ಒಂದು ಫೋಕ್ಸ್‌ವ್ಯಾಗನ್ ಗಾಲ್ಫ್ ಎರಡನೇ ತಲೆಮಾರು ಮತ್ತು ಅದೇ ಕಂಪನಿಯ 1.8 ಲೀಟರ್ ಟರ್ಬೊ ಎಂಜಿನ್. ಈ ಗಾಲ್ಫ್ 1983ರಿಂದ 1992ರವರೆಗೆ ತಯಾರಾಯಿತು, 60 ಲಕ್ಷಕ್ಕೂ ಜಾಸ್ತಿ ಕಾರು ಹೊರಬಂದವು. ಹಗುರ ಕಾರು. ಮಾದರಿ ನೋಡಿಕೊಂಡು ತೂಕ ಒಂದು ಟನ್‌ನ ಆಸುಪಾಸು, ಚಿಕ್ಕ ಎಂಜಿನ್‌ನವು ಅದಕ್ಕೂ ಕಡಿಮೆ.

ಟರ್ಬೊ ಎಂಜಿನ್ ಬಂದಿದ್ದು 1990ರ ದಶಕದ ನಡುವೆ. 1,781 ಸಿಸಿ, ನಾಲ್ಕು ಸಿಲಿಂಡರ್, ಪ್ರತಿ ಸಿಲಿಂಡರ್‌ಗೆ ಐದು ವಾಲ್ವ್. ಶುರುವಿನ ರೂಪದಲ್ಲಿ 150 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ, 210 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ. ಆಡಿ, ಫೋಕ್ಸ್‌ವ್ಯಾಗನ್, ಸೀಟ್, ಸ್ಕೋಡಾ ಹೀಗೆ ಬಳಗದ ಹಲವು ಕಾರಿಗೆ ಇದೇ ಎಂಜಿನ್ ಹಾಕಿದರು. ನಮ್ಮವರಿಗೂ ಇದು ಅಪರಿಚಿತ ಅಲ್ಲ. 2004ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಒಳಗಿದ್ದದ್ದು ಇದೇ.

ಅಂಕಿ ಪಕ್ಕಪಕ್ಕ ಇಟ್ಟರೆ ಜನ ಇದರ ಹಿಂದೆ ಯಾಕೆ ಬಿದ್ದರು ಅಂತ ಗೊತ್ತಾಗುತ್ತದೆ. ಹಳೆ ಗಾಲ್ಫ್‌ನ ವೇಗದ ಮಾದರಿ ಜಿಟಿಐನ 1.8 ಲೀಟರ್, ಎಂಟು ವಾಲ್ವ್ ಎಂಜಿನ್ ಕೊಡುತ್ತಿದ್ದದ್ದು 112 ಪಿಎಸ್. ಟಾರ್ಕ್ 150-160 ಎನ್‌ಎಂ, ಅದೂ ಎಂಜಿನ್ ನಿಮಿಷಕ್ಕೆ 3,000 ಸುತ್ತು ದಾಟಿದ ಮೇಲೆ. ಟರ್ಬೊ ಎಂಜಿನ್‌ನಲ್ಲಿ 210 ಎನ್‌ಎಂ ಪೂರ್ತಿಯಾಗಿ 1,750 ಸುತ್ತಿನಲ್ಲೇ ಸಿಗುತ್ತದೆ. ಸಿಸಿ ಒಂದೇ. ಆದರೆ ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿದರೂ ಕಾರು ಮುಂದಕ್ಕೆ ನುಗ್ಗುತ್ತದೆ.

ಇನ್ನೊಂದು ಅನುಕೂಲ ಇದೆ. ಎರಡೂ ಎಂಜಿನ್ ಒಂದೇ ವಂಶದವು. ಎರಡೂ ಬಾನೆಟ್ ಕೆಳಗೆ ಅಡ್ಡಡ್ಡ ಕೂರುತ್ತವೆ. ಜಾಗ ಸಾಲುತ್ತದೆ, ಎಂಜಿನ್ ಹಿಡಿದಿಡುವ ಮೌಂಟ್‌ಗಳನ್ನು ಹೆಚ್ಚು ಕತ್ತರಿಸದೆ ಹೊಂದಿಸಬಹುದು. ಉದ್ದುದ್ದ ಎಂಜಿನ್ ಕೂರುವ ಜೀಪಿನಂಥ ಗಾಡಿಗೆ, ಅಡ್ಡ ಕೂರುವ ಕಾರಿನ ಎಂಜಿನ್ ತಂದರೆ ಇದರ ಹತ್ತು ಪಟ್ಟು ತೊಂದರೆ. ಗೇರ್‌ಬಾಕ್ಸ್‌ಗೆ ನಡುವೆ ಪ್ಲೇಟ್ ಮಾಡಿಸಬೇಕು, ಅಡಿಯ ಆಯಿಲ್ ಚೇಂಬರ್ ಬದಲಿಸಬೇಕು, ಸೈಲೆನ್ಸರ್ ಪೈಪ್ ದಾರಿಯೇ ಬೇರೆ ಮಾಡಬೇಕು. ಹಾಗಾಗಿ ಅನುಭವಸ್ಥರು ಮೊದಲು ನೋಡೋದು ಎಂಜಿನ್ ಎಷ್ಟು ಪವರ್ ಕೊಡುತ್ತೆ ಅಂತ ಅಲ್ಲ, ಅದೇ ಬಳಗದ್ದಾ ಅಂತ.

ಆದರೂ, ಒಂದೇ ಬಳಗದ ಈ ಸುಲಭದ ಜೋಡಿಯಲ್ಲೂ ಎಷ್ಟು ಕೆಲಸ ಇದೆ ನೋಡಿ.

ಕೂರಿಸುವ ಮೊದಲು ಎಂಜಿನ್ ಬಿಚ್ಚಬೇಕು

ಗುಜರಿಯಿಂದ ಬಂದ ಎಂಜಿನ್ ಅಪಘಾತವಾದ ಕಾರಿನದ್ದಾಗಿರಬಹುದು, ಎಷ್ಟೋ ವರ್ಷ ಓಡಿದ್ದಾಗಿರಬಹುದು. ಅದು ಕಾರಿನ ಒಳಗೆ ಇಳಿಯುವ ಮೊದಲು ನೆಲದ ಮೇಲೆ ಇರುವಾಗಲೇ ಕೆಲವು ಕೆಲಸ ಮುಗಿಸಬೇಕು. ಆಮೇಲೆ ಕೈ ಹೋಗುವ ಜಾಗ ಇರುವುದಿಲ್ಲ.

ಈ 1.8 ಟರ್ಬೊದಲ್ಲಿ ಗಮನ ಕೊಡಬೇಕಾದ ಜಾಗ ಅಡಿಯ ಆಯಿಲ್ ಚೇಂಬರ್. ಅದನ್ನು ಬಿಚ್ಚಿದರೆ ಒಳಗೆ ಆಯಿಲ್ ಪಂಪ್‌ನ ಕೊಳವೆ, ಅದರ ತುದಿಯಲ್ಲಿ ಸಣ್ಣ ಜಾಲರಿ ಕಾಣುತ್ತದೆ. ಟರ್ಬೊದ ಬಿಸಿಗೆ ಆಯಿಲ್ ಸುಟ್ಟು ಡಾಂಬರಿನಂಥ ಕರಿ ಗಸಿ ಆಗುತ್ತದೆ. ಆ ಗಸಿ ಬಂದು ಕೂರೋದು ಈ ಜಾಲರಿಯಲ್ಲೇ. ಜಾಲರಿ ಕಟ್ಟಿದರೆ ಆಯಿಲ್ ಮೇಲಕ್ಕೆ ಏರುವುದಿಲ್ಲ. ಆಯಿಲ್ ಇಲ್ಲದೆ ಲಕ್ಷ ಸುತ್ತು ತಿರುಗುವ ಕಡ್ಡಿ ಸ್ವಲ್ಪ ಹೊತ್ತಿನಲ್ಲೇ ಕಚ್ಚಿಕೊಳ್ಳುತ್ತದೆ. ಈ ಎಂಜಿನ್‌ಗೆ ಗಸಿ ಕಟ್ಟುವ ಕೆಟ್ಟ ಹೆಸರು ಮೊದಲಿಂದಲೂ ಇದೆ. ಅದಕ್ಕೇ ಫುಲ್ ಸಿಂಥೆಟಿಕ್ ಆಯಿಲ್ ಬಿಟ್ಟು ಬೇರೆ ಹಾಕಬಾರದು ಅಂತ ತಿಳಿದವರು ಹೇಳೋದು.

ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹೊಸದು ಹಾಕುತ್ತಾರೆ. ಹಲವು ಕಾರುಗಳಲ್ಲಿ ಈ ವಾಟರ್ ಪಂಪ್‌ನ ರೆಕ್ಕೆ ಪ್ಲಾಸ್ಟಿಕ್‌ದು. ವಯಸ್ಸಾದ ಮೇಲೆ ಅದು ಒಡೆದು, ಪಂಪ್ ತಿರುಗುತ್ತಿದ್ದರೂ ನೀರು ಹರಿಯುವುದಿಲ್ಲ. ಬೆಲ್ಟ್ ತುಂಡಾದರಂತೂ ವಾಲ್ವ್‌ಗಳು ಪಿಸ್ಟನ್‌ಗೆ ಹೊಡೆದು ಹೆಡ್ ಹಾಳಾಗುತ್ತದೆ. ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಬ್ಬರ್ ಹೋಸ್‌ಗಳೂ ಈ ಹೊತ್ತಿನಲ್ಲೇ ಬದಲಾಗಬೇಕು. ಎಂಜಿನ್ ಸೋವಿಗೆ ಸಿಕ್ಕಿತು ಅಂತ ಖುಷಿಪಟ್ಟವರಿಗೆ ಖರ್ಚು ಏರಲು ಶುರುವಾಗೋದೇ ಇಲ್ಲಿಂದ.

ಗೇರ್‌ಬಾಕ್ಸ್, ಕ್ಲಚ್, ಆಕ್ಸಲ್

ಹಳೆ ಗಾಲ್ಫ್‌ನ ಗೇರ್‌ಬಾಕ್ಸ್ ತಯಾರಾಗಿದ್ದು ಹಳೆ ಎಂಜಿನ್‌ನ ಬಲಕ್ಕೆ. ಟರ್ಬೊದ 210 ಎನ್‌ಎಂ ಅದರ ಹಲ್ಲುಗಳ ಮೇಲೆ, ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್ ಮೇಲೆ ಬಿದ್ದರೆ ಅದು ಜಾಸ್ತಿ ದಿನ ಬಾಳುವುದಿಲ್ಲ. ಹಾಗಾಗಿ ಎಂಜಿನ್ ಜತೆಗೆ ಬಲವಾದ ಗೇರ್‌ಬಾಕ್ಸ್ ಕೂಡ ತರುತ್ತಾರೆ.

ಅದು ಬಂದರೆ ಜತೆಗೆ ಇನ್ನೂ ಮೂರು ಬರುತ್ತವೆ. ಹಳೆಯದರಲ್ಲಿ ಗೇರ್ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಕಬ್ಬಿಣದ ರಾಡ್ ಹೋಗುತ್ತಿತ್ತು, ಹೊಸದರಲ್ಲಿ ಕೇಬಲ್. ಅಂದರೆ ಲಿವರ್ ಸೆಟ್ ಪೂರ್ತಿ ಬದಲು. ಹಳೆಯದರಲ್ಲಿ ಕ್ಲಚ್‌ಗೆ ಕೇಬಲ್ ಇತ್ತು, ಹೊಸದಕ್ಕೆ ಆಯಿಲ್ ಒತ್ತಡದ ಕ್ಲಚ್. ಅಂದರೆ ಪೆಡಲ್ ಸೆಟ್ ಕೂಡ ಬದಲು. ಇದಕ್ಕೆ ಅದೇ ಕಾಲದ, ಅದೇ ಕಂಪನಿಯ ಕೊರಾಡೊ ಕಾರಿನ ಪೆಡಲ್ ಸೆಟ್ ತರೋದು ರೂಢಿ. ಮೂರನೆಯದು ಚಕ್ರಕ್ಕೆ ಹೋಗುವ ಆಕ್ಸಲ್. ಗೇರ್‌ಬಾಕ್ಸ್ ಬದಿಯ ತಟ್ಟೆಯ ಅಳತೆ ಹೊಂದದಿದ್ದರೆ ಅದನ್ನೂ ಹುಡುಕಬೇಕು.

ಗಾಳಿ ತಂಪಾಗಬೇಕು, ಪೆಟ್ರೋಲ್ ಒತ್ತಡ ಏರಬೇಕು

ಸೈಕಲ್‌ಗೆ ಪಂಪ್ ಹೊಡೆದವರಿಗೆ ಗೊತ್ತು, ಗಾಳಿ ಒತ್ತಿದರೆ ಬಿಸಿಯಾಗುತ್ತದೆ. ಹೊರಗೆ 25 ಡಿಗ್ರಿ ಇದ್ದ ಗಾಳಿಯನ್ನು ಟರ್ಬೊ ಅರ್ಧ ಬಾರ್‌ನಷ್ಟು, ಅಂದರೆ ಮಾಮೂಲಿ ಗಾಳಿಯ ಒತ್ತಡದ ಸುಮಾರು ಅರ್ಧದಷ್ಟು ಜಾಸ್ತಿ, ಒತ್ತಿದರೆ ಅದು 70-80 ಡಿಗ್ರಿಗೆ ಏರುತ್ತದೆ. ಬಿಸಿ ಗಾಳಿ ಹಿಗ್ಗಿರುತ್ತದೆ, ಒತ್ತಿದ ಲಾಭದಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಮೇಲಾಗಿ ನಾಕಿಂಗ್ ಭಯ. ಅದಕ್ಕೇ ಟರ್ಬೊ ಮತ್ತು ಎಂಜಿನ್ ನಡುವೆ ಇಂಟರ್‌ಕೂಲರ್ ಇಡುತ್ತಾರೆ. ನೋಡಲು ಸಣ್ಣ ರೇಡಿಯೇಟರ್. ಒಳಗೆ ನೀರಿನ ಬದಲು ಗಾಳಿ ಹರಿಯುತ್ತದೆ, ಅಷ್ಟೇ.

ಹಳೆ ಗಾಲ್ಫ್‌ನ ಮುಖದಲ್ಲಿ ಇದಕ್ಕಂತ ಜಾಗ ಬಿಟ್ಟಿಲ್ಲ. ಬಂಪರ್ ಹಿಂದೆ ಇಡಬೇಕು, ಇಲ್ಲವೇ ಚಕ್ರದ ಮುಂದಿನ ಮೂಲೆಯಲ್ಲಿ. ರೇಡಿಯೇಟರ್ ಮುಂದೆಯೇ ಇಟ್ಟರೆ ರೇಡಿಯೇಟರ್‌ಗೆ ಹೋಗುವ ಗಾಳಿ ಕಡಿಮೆಯಾಗಿ ಎಂಜಿನ್ ಬಿಸಿಯಾಗುತ್ತದೆ. ಟರ್ಬೊದ ಸುತ್ತಮುತ್ತ ಇರುವ ಬ್ರೇಕ್ ಪೈಪ್, ವೈರ್, ರಬ್ಬರ್‌ಗೆ ಬಿಸಿ ತಾಗದಂತೆ ತಗಡಿನ ಮರೆಯೂ ಬೇಕು. ಇದನ್ನು ಮರೆತ ಕಾರುಗಳಲ್ಲಿ ಬೆಂಕಿ ಹೊತ್ತಿಕೊಳ್ಳುವ ಅಪಾಯ ಇದೆ, ಹಾಗಾಗಿ ಈ ತಗಡನ್ನು ಅಲಂಕಾರ ಅಂತ ತಿಳಿಯಬಾರದು.

ಇನ್ನು ಪೆಟ್ರೋಲ್. ಕಾರ್ಬ್ಯುರೇಟರ್ ಇದ್ದ ಹಳೆ ಗಾಲ್ಫ್‌ಗಳಲ್ಲಿ ಎಂಜಿನ್‌ಗೇ ಅಂಟಿಕೊಂಡ ಪುಟ್ಟ ಪಂಪ್ ಪೆಟ್ರೋಲ್ ಎಳೆಯುತ್ತಿತ್ತು. ಅದರ ಒತ್ತಡ ಒಂದು ಬಾರ್ ಕೂಡ ಇಲ್ಲ. ಟರ್ಬೊ ಎಂಜಿನ್‌ನಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗೆ 3 ಬಾರ್ ಒತ್ತಡ ಬೇಕು. ಆದ್ದರಿಂದ ಕರೆಂಟಿನ ಪಂಪ್ ಹಾಕಬೇಕು, ಆ ಒತ್ತಡ ತಡೆಯುವ ಪೈಪ್ ಎಳೆಯಬೇಕು, ಮಿಕ್ಕ ಪೆಟ್ರೋಲ್ ಟ್ಯಾಂಕ್‌ಗೆ ವಾಪಸ್ ಬರುವ ದಾರಿ ಇರಬೇಕು. ಹಳೆ ರಬ್ಬರ್ ಪೈಪನ್ನೇ ಕ್ಲಿಪ್ ಹಾಕಿ ಬಿಗಿದರೆ ಅದು ಎಲ್ಲೋ ಒಂದು ಕಡೆ ಬಿಟ್ಟುಕೊಳ್ಳುತ್ತದೆ. ಪಕ್ಕದಲ್ಲೇ ಕೆಂಪಗೆ ಕಾದ ಟರ್ಬೊ ಇರುತ್ತದೆ ಅನ್ನೋದನ್ನು ನೆನಪಿಡಬೇಕು. ಹಳೆ ಜಿಟಿಐ ಮಾದರಿಯಲ್ಲಾದರೆ ಕರೆಂಟಿನ ಪಂಪ್ ಮೊದಲೇ ಇರುತ್ತದೆ, ಕೆಲಸ ಸ್ವಲ್ಪ ಹಗುರ.

ಸ್ಟಾರ್ಟ್ ಆಗುತ್ತೆ, ತಕ್ಷಣ ನಿಲ್ಲುತ್ತೆ

ಎಲ್ಲಕ್ಕಿಂತ ಹೆಚ್ಚು ಜನ ಸೋಲೋದು ವೈರಿಂಗ್‌ನಲ್ಲಿ. ಹಳೆ ಎಂಜಿನ್‌ಗೆ ನಾಲ್ಕಾರು ವೈರ್ ಇದ್ದರೆ ಸಾಕಿತ್ತು. ಟರ್ಬೊ ಎಂಜಿನ್ ಅನ್ನು ಓಡಿಸೋದು ಇಸಿಯು ಅನ್ನುವ ಕಂಪ್ಯೂಟರ್. ಒಳಗೆ ಎಷ್ಟು ಗಾಳಿ ಬರುತ್ತಿದೆ, ಎಂಜಿನ್ ಎಷ್ಟು ಬಿಸಿ ಇದೆ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎಲ್ಲಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ, ನಾಕಿಂಗ್ ಇದೆಯಾ, ಇದನ್ನೆಲ್ಲ ಸೆನ್ಸರ್‌ಗಳಿಂದ ಕೇಳಿಕೊಂಡು ಪೆಟ್ರೋಲ್ ಎಷ್ಟು ಬಿಡಬೇಕು, ಕಿಡಿ ಯಾವಾಗ ಕೊಡಬೇಕು, ಟರ್ಬೊ ಎಷ್ಟು ಒತ್ತಬೇಕು ಅಂತ ಅದು ತೀರ್ಮಾನ ಮಾಡುತ್ತದೆ. ಒಂದು ಸೆನ್ಸರ್ ಸುಳ್ಳು ಹೇಳಿದರೂ ಲೆಕ್ಕ ತಪ್ಪುತ್ತದೆ.

ಹೀಗಾಗಿ ಎಂಜಿನ್ ಕೊಳ್ಳುವಾಗ ವೈರಿಂಗ್ ಕತ್ತರಿಸದೆ ಪೂರ್ತಿ ತಗೋಬೇಕು. ಇಸಿಯು, ಕೀ, ಸ್ಪೀಡೋಮೀಟರ್ ಇರುವ ಮೀಟರ್ ಡಬ್ಬಿ, ಎಲ್ಲವೂ ಒಂದೇ ಕಾರಿನದ್ದಾಗಿರಬೇಕು. ಕಾರಣ, ಇಮೊಬಿಲೈಸರ್. ಕಳ್ಳತನ ತಡೆಯಲು ಮಾಡಿದ ಈ ವ್ಯವಸ್ಥೆಯಲ್ಲಿ ಕೀ ಒಳಗೆ ಸಣ್ಣ ಚಿಪ್ ಇರುತ್ತದೆ. ಕೀ ತಿರುಗಿಸಿದಾಗ ಇಸಿಯು ಆ ಚಿಪ್‌ನ ಗುರುತು ಕೇಳುತ್ತದೆ. ಸರಿಯಾದ ಉತ್ತರ ಬರದಿದ್ದರೆ ಎಂಜಿನ್ ಸ್ಟಾರ್ಟ್ ಆಗಿ, ಒಂದೆರಡು ಸೆಕೆಂಡ್ ಓಡಿ, ನಿಂತುಬಿಡುತ್ತದೆ. ಮತ್ತೆ ಸೆಲ್ಫ್ ಹೊಡೆದರೂ ಅದೇ ಕಥೆ. ಇದು ಗೊತ್ತಿಲ್ಲದವರು ಪೆಟ್ರೋಲ್ ಬರ್ತಿಲ್ಲ ಅಂತ ಪಂಪ್ ಬಿಚ್ಚಿ ಕೂರುತ್ತಾರೆ. ಕಳ್ಳನನ್ನು ತಡೆಯಬೇಕಾದ ರೀತಿಯಲ್ಲೇ ಇಮೊಬಿಲೈಸರ್ ಕೆಲಸ ಮಾಡುತ್ತಿರುತ್ತದೆ.

ಆಕ್ಸಿಲರೇಟರ್ ವಿಷಯದಲ್ಲೂ ಒಂದು ಆಯ್ಕೆ ಇದೆ. ಈ ಎಂಜಿನ್‌ನ ಆರಂಭದ ರೂಪಗಳಲ್ಲಿ, ಉದಾಹರಣೆಗೆ ಎಜಿಯು ಅನ್ನುವ ಕೋಡ್ ಇರುವುದರಲ್ಲಿ, ಪೆಡಲ್‌ನಿಂದ ಎಂಜಿನ್‌ಗೆ ಕೇಬಲ್ ಹೋಗುತ್ತದೆ. ನಂತರ ಬಂದ ಎಯುಎಂ ಥರದವುಗಳಲ್ಲಿ ಕೇಬಲ್ ಇಲ್ಲ, ಪೆಡಲ್ ಬುಡದ ಸೆನ್ಸರ್ ವೈರ್ ಮೂಲಕ ಸುದ್ದಿ ಕಳಿಸುತ್ತದೆ. ಹಳೆ ಗಾಲ್ಫ್‌ನಲ್ಲಿ ಕೇಬಲ್ ಇರೋದರಿಂದ ಎಜಿಯುಗೆ ಬೇಡಿಕೆ ಜಾಸ್ತಿ. ಎರಡೂ 150 ಪಿಎಸ್ ಎಂಜಿನ್‌ಗಳೇ, ಆದರೆ ಒಂದರ ಜತೆ ಪೆಡಲ್ ಕೂಡ ಬದಲಿಸಬೇಕು. ಎಂಜಿನ್ ಮೇಲೆ ಅಚ್ಚು ಹಾಕಿದ ಆ ಮೂರು ಅಕ್ಷರ ಓದದೆ ದುಡ್ಡು ಕೊಡಬಾರದು ಅನ್ನೋದು ಅದಕ್ಕೇ.

ನಿಲ್ಲಿಸೋದು ಯಾರು?

ವೇಗ ಎರಡು ಪಟ್ಟಾದರೆ ಕಾರನ್ನು ನಿಲ್ಲಿಸಲು ಬ್ರೇಕ್ ಹೀರಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿಮೀ ವೇಗಕ್ಕೆ ಸಾಕಾಗುತ್ತಿದ್ದ ಬ್ರೇಕ್ 120ರಲ್ಲಿ ಅದರ ನಾಲ್ಕು ಪಟ್ಟು ಬಿಸಿ ನುಂಗಬೇಕು. ಸಾಮಾನ್ಯ ಮಾದರಿಯ ಹಳೆ ಗಾಲ್ಫ್‌ನಲ್ಲಿ ಮುಂದೆ 239 ಮಿಲಿಮೀಟರ್ ಅಗಲದ ಡಿಸ್ಕ್, ಹಿಂದೆ ಡ್ರಮ್. ಆ ಕಾಲದಲ್ಲಿ ಕಂಪನಿಯೇ 160 ಪಿಎಸ್‌ನ ಜಿ60 ಮಾದರಿ ಮಾಡಿದಾಗ ಮುಂದಿನ ಡಿಸ್ಕ್ ಅನ್ನು 280 ಮಿಲಿಮೀಟರ್‌ಗೆ ಏರಿಸಿತ್ತು. 150 ಪಿಎಸ್ ಎಂಜಿನ್ ಹಾಕುವವರಿಗೆ ಇದಕ್ಕಿಂತ ಒಳ್ಳೆ ಸೂಚನೆ ಬೇಡ. ಜಿ60 ಭಾಗಗಳು ಈ ಕಾರಿಗೆ ಕೂರುತ್ತವೆ ಕೂಡ.

ಯಾರಾದರೂ ಗ್ಯಾರೇಜಿನವರು ಎಂಜಿನ್‌ಗೆ ಮಾತ್ರ ರೇಟ್ ಹೇಳಿ, ಬ್ರೇಕ್ ಆಮೇಲೆ ನೋಡೋಣ ಸರ್ ಅಂದರೆ ಆ ಗ್ಯಾರೇಜಿಗೆ ಕಾರು ಬಿಡಬೇಡಿ. ಮೊದಲು ಬ್ರೇಕ್, ಟೈರ್, ಸಸ್ಪೆನ್ಷನ್ ಆಗಬೇಕು. ಎಂಜಿನ್ ಕೊನೆಗೆ. ಇದರಲ್ಲಿ ಚೌಕಾಸಿಗೆ ಜಾಗ ಇಲ್ಲ.

ಕಾನೂನು ಏನು ಹೇಳುತ್ತದೆ?

ಜರ್ಮನಿಯಲ್ಲಿ ಇಂಥ ಬದಲಾವಣೆಗೆ ದಾರಿ ಇದೆ. ಟ್ಯೂಫ್‌ನಂಥ ಮಾನ್ಯತೆ ಪಡೆದ ಸಂಸ್ಥೆಯ ತಜ್ಞರು ಕಾರನ್ನು ಬಿಡಿಯಾಗಿ ಪರೀಕ್ಷೆ ಮಾಡುತ್ತಾರೆ. ಎಂಜಿನ್ ಶಕ್ತಿಗೆ ತಕ್ಕ ಬ್ರೇಕ್ ಇದೆಯಾ, ಹೊಗೆ ಮೊದಲಿಗಿಂತ ಕೆಟ್ಟಿಲ್ಲ ತಾನೇ, ಸದ್ದು ಎಷ್ಟು ಅಂತ ನೋಡುತ್ತಾರೆ. ಪಾಸಾದರೆ ಹೊಸ ಎಂಜಿನ್ ವಿವರ ಕಾರಿನ ದಾಖಲೆಗೆ ಸೇರುತ್ತದೆ. ಹಾಗಾಗಿ ಅಲ್ಲಿ ತಿಳಿದವರು ಕೆಲಸ ಶುರುಮಾಡುವ ಮೊದಲೇ ಪರೀಕ್ಷಕರ ಹತ್ತಿರ ಮಾತಾಡಿ, ಏನೇನು ಬೇಕು ಅಂತ ಬರೆದುಕೊಂಡು ಬರುತ್ತಾರೆ. ಜರ್ಮನಿಯಲ್ಲಿರುವ ಕನ್ನಡಿಗರು ಯಾರಾದರೂ ಹೀಗೆ ಬದಲಾದ ಹಳೆ ಕಾರು ಕೊಳ್ಳುವುದಾದರೆ ದಾಖಲೆಯಲ್ಲಿ ಈ ನಮೂದು ಇದೆಯಾ ಅಂತ ಮೊದಲು ನೋಡಬೇಕು.

ನಮ್ಮಲ್ಲಿ ಲೆಕ್ಕ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿನ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು. ಎಂಜಿನ್ ಕೆಟ್ಟು ಬೇರೆ ಎಂಜಿನ್ ಹಾಕಿಸಿದರೆ ಆರ್‌ಟಿಒಗೆ ತಿಳಿಸಿ, ಆರ್‌ಸಿಯಲ್ಲಿ ಹೊಸ ನಂಬರ್ ನಮೂದು ಮಾಡಿಸಬೇಕು. ಅದೇ ಮಾದರಿಯ ಎಂಜಿನ್ ಆದರೆ, ಬಿಲ್ ಇದ್ದರೆ, ಇದು ನಡೆಯುವ ವ್ಯವಹಾರ. ಸಿಸಿ, ಇಂಧನ, ಶಕ್ತಿ ಬೇರೆ ಇರುವ ಎಂಜಿನ್ ಆದರೆ ಕಂಪನಿಯ ಮೂಲ ವಿವರಕ್ಕೆ ಹೊಂದುವುದಿಲ್ಲ, ಅಲ್ಲಿಗೆ ಕಾನೂನು ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಮೂಲ ವಿವರ ದಾಟಿ ವಾಹನ ಬದಲಿಸುವಂತಿಲ್ಲ ಅಂತ ಹೇಳಿತು.

ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂತು. ಅದರಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಪ್ರತಿ ಬದಲಾವಣೆಗೆ ಅನ್ನೋದನ್ನು ಗಮನಿಸಿ.

ದಂಡಕ್ಕಿಂತ ನನಗೆ ದೊಡ್ಡದಾಗಿ ಕಾಣೋದು ವಿಮೆ. ಪಾಲಿಸಿ ಬರೆದದ್ದು ಆರ್‌ಸಿಯಲ್ಲಿರುವ ಎಂಜಿನ್‌ಗೆ. ಅಪಘಾತವಾಗಿ ಸರ್ವೆ ಮಾಡುವವರು ಬಂದು ಎಂಜಿನ್ ನಂಬರ್ ನೋಡಿದಾಗ ಅದು ಹೊಂದದಿದ್ದರೆ ಕ್ಲೇಮ್ ತಿರಸ್ಕಾರ ಆಗಬಹುದು. ನಮ್ಮ ಕಾರಿನ ನಷ್ಟ ಒಂದು ಕಡೆ. ಎದುರಿನವರಿಗೆ ಪೆಟ್ಟಾಗಿದ್ದರೆ ಆ ಪರಿಹಾರದ ಹೊರೆಯೂ ಮಾಲೀಕರ ತಲೆಗೆ ಬರಬಹುದು, ಅದು ಒಂದು ಮನೆಯನ್ನೇ ಕುಸಿಯುವಂತೆ ಮಾಡುವಷ್ಟು ದೊಡ್ಡದಿರಬಹುದು.

ಹಾಗಾದರೆ ನಮ್ಮಲ್ಲಿ ಈ ಆಸೆ ಇದ್ದವರು ಏನು ಮಾಡೋದು? ರಸ್ತೆಗೆ ಇಳಿಸದೆ ರೇಸ್ ಟ್ರ್ಯಾಕ್‌ಗೆ ಮಾತ್ರ ಕಾರು ಕಟ್ಟುವವರಿದ್ದಾರೆ. ಬೆಂಗಳೂರಿನಿಂದ ಹೋಗಿಬರುವಷ್ಟು ದೂರದಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನುವ ಟ್ರ್ಯಾಕ್‌ಗಳಿವೆ. ಅಂಥ ಕಾರನ್ನು ಟ್ರಕ್ ಮೇಲೆ ಹೇರಿಕೊಂಡೇ ಒಯ್ಯಬೇಕು. ರೇಸ್‌ಗೆ ಇಳಿಸುವುದಾದರೆ ಆಯಾ ವಿಭಾಗದ ನಿಯಮವನ್ನು ಮೊದಲೇ ಓದಿಕೊಳ್ಳಬೇಕು, ಎಲ್ಲ ವಿಭಾಗದಲ್ಲೂ ಎಂಜಿನ್ ಬದಲಾವಣೆ ನಡೆಯುವುದಿಲ್ಲ.

ಎಂಜಿನ್ ಬದಲಾದ ಕಾರು ಕೊಳ್ಳುವವರಿಗೆ

ಹಳೆ ಕಾರಿನ ಮಾರುಕಟ್ಟೆಯಲ್ಲಿ ಇಂಥವು ಆಗಾಗ ಬರುತ್ತವೆ. ಪಿಕಪ್ ನೋಡಿ ಸರ್ ಅಂತ ಮಾರುವವರು ಮೊದಲು ಓಡಿಸಲು ಕೊಡುತ್ತಾರೆ. ಓಡಿಸುವ ಮೊದಲು ಬಾನೆಟ್ ಎತ್ತಿ, ಎಂಜಿನ್ ಮೇಲೆ ಅಚ್ಚಾದ ನಂಬರ್ ಮತ್ತು ಆರ್‌ಸಿಯಲ್ಲಿನ ನಂಬರ್ ಎರಡನ್ನೂ ಓದಿ. ಬೇರೆ ಬೇರೆ ಇದ್ದರೆ ಮಾತು ಅಲ್ಲಿಗೇ ನಿಲ್ಲಿಸಬಹುದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಪ್ರತಿ ಸಲವೂ ಗಾಡಿ ತಪಾಸಣೆ ಆಗುತ್ತದೆ. ಹೊಂದದ ಎಂಜಿನ್ ಅಲ್ಲಿ ಸಿಕ್ಕಿಬಿದ್ದರೆ ತೊಂದರೆ ಆಗೋದು ಆ ಹೊತ್ತಿನ ಮಾಲೀಕರಿಗೆ, ಮಾರಿ ಹೋದವರಿಗೆ ಅಲ್ಲ.

ಎಂಜಿನ್‌ನ ಹಳೆ ಕಾರು ಯಾವುದು, ಅದರ ಬಿಲ್ ಇದೆಯಾ ಅಂತ ಕೇಳಿ. ಬಿಲ್ ಇಲ್ಲದ ಎಂಜಿನ್ ಕದ್ದ ಕಾರಿನದ್ದಾಗಿರುವ ಸಾಧ್ಯತೆ ಇದ್ದೇ ಇರುತ್ತದೆ.

ಕಾಗದ ಸರಿ ಇದ್ದರೆ ಆಮೇಲೆ ಕಾರು. ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ, ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಬಿಡಿ. ಆಯಿಲ್ ಮುಚ್ಚಳ ತೆಗೆದು ಒಳಗೆ ಕರಿ ಗಸಿ ಕಟ್ಟಿದೆಯಾ ನೋಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಹಿಂದೆ ನಿಂತು ನೀಲಿ ಹೊಗೆ ಬರುತ್ತಾ ಗಮನಿಸಿ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ, ಟರ್ಬೊದ ಸೀಲ್ ಅಥವಾ ಎಂಜಿನ್‌ನ ರಿಂಗ್ ಸವೆದಿರಬಹುದು. ಆಮೇಲೆ ಅರ್ಧ ಗಂಟೆ ಓಡಿಸಿ, ಟ್ರಾಫಿಕ್‌ನಲ್ಲಿ ನಿಲ್ಲಿಸಿ, ಟೆಂಪರೇಚರ್ ಮುಳ್ಳು ನಡುವೆಯೇ ನಿಲ್ಲುತ್ತಾ ನೋಡಿ. ವಾಪಸ್ ಬಂದು ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ಪೈಪ್ ಜೋಡಣೆ ಸರಿ ಇಲ್ಲ ಅಂತ ಅರ್ಥ, ಆ ಕಾರನ್ನು ಓಡಿಸಿಕೊಂಡು ಮನೆಗೆ ತರಬೇಡಿ.